ಹಳೆಯ ರೋಲರ್ ಕೋಸ್ಟರ್ ರಿಪೇರಿಯೋ, ಹೊಸ ಆಟವೋ? ಮೊದಲು ಬುನಾದಿ ನೋಡ್ರಿ

ಹುಬ್ಬಳ್ಳಿ–ಗದಗ ರಸ್ತೆಯ ಪಾರ್ಕಿನಲ್ಲಿ 16 ವರ್ಷದ ಉಕ್ಕಿನ ಕೋಸ್ಟರ್ ಇದೆ, 12 ಸೀಟಿನ ಒಂದೇ ಗಾಡಿ, ರಿಪೇರಿ ಮಾಡಿಸೋಣವೋ ಕಿತ್ತು ಹೊಸ ಆಟ ಕೂರಿಸೋಣವೋ ಅಂತ ಕೇಳೀರಿ. ಬುನಾದಿ, ಕಂಬ, ಹಳಿ ಈ ಮೂರೂ ಗಟ್ಟಿ ಇದ್ದರೆ ರಿಪೇರಿಯೇ ಛಲೋ. ಮೂರರಲ್ಲಿ ಒಂದು ಕೆಟ್ಟಿದ್ದರೂ ಬಣ್ಣಕ್ಕೆ, ಬೋಗಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಆ ಕಡೆಯದೆಲ್ಲ ಎರೆ ಭೂಮಿ. ಬೇಸಿಗೆಗೆ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಪಾಯ ಗರಸಿನ ತನಕ ಇಳಿಯದಿದ್ದರೆ ಕಂಬವೂ ಮಣ್ಣಿನ ಜೊತೆ ಏರಿ ಇಳಿಯುತ್ತದೆ. ಮನೆ ಗೋಡೆ ಬಿರುಕು ಬಿಟ್ಟರೆ ಸಿಮೆಂಟ್ ಮೆತ್ತಿ ಸುಮ್ಮನಿರಬಹುದು. ಇಲ್ಲಿ ಒಂದು ಕಂಬ ಕೆಲವೇ ಮಿಲಿಮೀಟರ್ ಎದ್ದರೂ ಹಳಿಯ ಜೋಡಣೆಗೆ ಎಳೆತ ಬಿದ್ದು ವೆಲ್ಡಿಂಗ್ ಸೀಳತೊಡಗುತ್ತದೆ. ಪ್ರತಿ ಕಂಬದ ಬುಡಕ್ಕೆ ಗುರುತು ಹಾಕಿ, ಸರ್ವೇದವರ ಲೆವೆಲ್ ಯಂತ್ರದಿಂದ ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್‌ನಲ್ಲಿ ಒಮ್ಮೆ ಅಳೆಸಿ. ಒಂದೊಂದು ಕಂಬ ಒಂದೊಂದು ಲೆಕ್ಕದಲ್ಲಿ ಸರಿದಿದ್ದರೆ ತೊಂದರೆ ಬುನಾದಿಯಲ್ಲೇ ಇದೆ. ಬೇಸ್ ಪ್ಲೇಟಿನ ಕೆಳಗೆ ತಗಡು ಸೇರಿಸಿ ಸರಿ ಮಾಡಿದ್ದು ಮುಂದಿನ ಮಳೆಗಾಲದವರೆಗೆ ಮಾತ್ರ.

ಹಳಿಯ ಕೊಳವೆ ಒಳಗಿನಿಂದಲೂ ತುಕ್ಕು ಹಿಡಿಯುತ್ತದೆ. ದೀಪಾವಳಿಗೆ ಸೀರಿಯಲ್ ಸೆಟ್ ಕಟ್ಟಲು ಯಾರೋ ಕೊರೆದ ತೂತು ಸಾಕು, ನೀರು ಒಳಗೆ ಕೂತು ತಿನ್ನುತ್ತದೆ. ಹೊರಗಿನ ಬಣ್ಣ ಮಾತ್ರ ಮಿರಮಿರ ಮಿಂಚುತ್ತಿರುತ್ತದೆ! ಅಲ್ಟ್ರಾಸಾನಿಕ್ ಮೀಟರ್‌ನಿಂದ ದಪ್ಪ ಅಳೆಸಿ ಮೂಲ ಡ್ರಾಯಿಂಗಿಗೆ ಹೋಲಿಸಿ. ಹತ್ತರಲ್ಲಿ ಒಂದು ಪಾಲು ಸವೆದಿದ್ದರೆ ಡಿಸೈನ್ ಎಂಜಿನಿಯರ್ ಮತ್ತೆ ಲೆಕ್ಕ ಹಾಕದೆ ಮುಂದುವರಿಯಬೇಡಿ ಎನ್ನುತ್ತೇನೆ. ಡ್ರಾಯಿಂಗೇ ಇಲ್ಲವೆಂದರೆ ನನ್ನ ಮತ ಕೀಳುವ ಕಡೆಗೇ. ಬಿರುಕು ಹುಡುಕಲು ಮೊದಲ ಇಳಿಜಾರಿನ ತಳ ಮತ್ತು ಕಂಬ ಹಳಿಗೆ ಕೂಡುವ ಜಾಗಗಳ ಬಣ್ಣ ಕೆರೆಸಿ ಡೈ ಪೆನಿಟ್ರಂಟ್ ಪರೀಕ್ಷೆ ಮಾಡಿಸಿ: ಕೆಂಪು ದ್ರವ ಹಚ್ಚಿ, ಇಂಗಲು ಬಿಟ್ಟು, ಒರೆಸಿ, ಬಿಳಿ ಡೆವಲಪರ್ ಹೊಡೆದರೆ ಬಿರುಕಿನ ಜಾಗದಲ್ಲಿ ಕೆಂಪು ಗೆರೆ ಮೂಡುತ್ತದೆ. ಕಾರಣ ಹುಡುಕದೆ ಅದರ ಮೇಲೆ ವೆಲ್ಡಿಂಗ್ ತುಂಬಿದರೆ ಪಕ್ಕದಲ್ಲೇ ಮತ್ತೆ ಸೀಳುತ್ತದೆ.

ಇಷ್ಟು ದಾಟಿದರೆ ಉಳಿದದ್ದು ಬದಲಿಸಬಹುದಾದ ಸಾಮಾನು: ಗಾಲಿ, ಬೇರಿಂಗ್, ಚೈನ್, ಬ್ರೇಕ್, ಸೀಟಿನ ಲಾಕ್, ಕಂಟ್ರೋಲ್ ಪ್ಯಾನೆಲ್. ಎಡವುವುದು ಗಾಲಿ ಕೂರುವ ಆಕ್ಸಲ್‌ನಲ್ಲಿ. ಹುಬ್ಬಳ್ಳಿಯ ಗೋಕುಲ ರೋಡಿನ ಲೇತ್ ಅಂಗಡಿಗಳಲ್ಲಿ ಅಳತೆಗೆ ತಕ್ಕಂತೆ ಮಾಡಿಕೊಡುತ್ತಾರೆ, ಕೈಗೆಲಸಕ್ಕೆ ಹೆಸರಿಡುವಂತಿಲ್ಲ. ಆದರೆ ನೀವು ಬರೀ ಹಳೆಯ ಆಕ್ಸಲ್ ಕೊಟ್ಟು ‘ಇದರಂತೆ ಮಾಡ್ರಿ’ ಎಂದರೆ ಸಾದಾ ಎಂಎಸ್ (ಮೆದು ಉಕ್ಕಿನ) ಸರಳಿನಲ್ಲಿ ಬಂದರೂ ಬಂತು. ಡ್ರಾಯಿಂಗಿನಲ್ಲಿ ಇಎನ್ 24 ಎಂಬ ಗಟ್ಟಿ ಮಿಶ್ರ ಉಕ್ಕು ಇದ್ದರೆ ಅದೇ ಉಕ್ಕು, ಅದೇ ಹೀಟ್ ಟ್ರೀಟ್‌ಮೆಂಟ್ (ಕಾಯಿಸಿ ತಣಿಸಿ ಗಟ್ಟಿ ಮಾಡುವುದು), ಸರ್ಟಿಫಿಕೇಟ್ ಸಮೇತ ಬೇಕು. ದಪ್ಪ ಬದಲಾಗುವ ಮೂಲೆಯಲ್ಲಿ ದುಂಡನೆಯ ತಿರುವು ಇರಲೇಬೇಕು; ಚೂಪಾಗಿ ಕಡಿದರೆ, ಮತ್ತೆ ಮತ್ತೆ ಭಾರ ಬಿದ್ದು ಲೋಹ ದಣಿದು ಬಿಡುವ ಆಯಾಸದ ಬಿರುಕು ಹುಟ್ಟುವುದು ಅಲ್ಲೇ.

ಇನ್ನೊಂದು ಮಾತು. ಹೊಸ ಗಾಲಿ, ಹೊಸ ಬೇರಿಂಗ್ ಹಾಕಿದ ಗಾಡಿ ಹಗುರವಾಗಿ ಉರುಳಿ ಬ್ರೇಕಿನ ಹತ್ತಿರ ಮೊದಲಿಗಿಂತ ಜೋರಾಗಿ ಬರಬಹುದು. ಆದ್ದರಿಂದ ಮೊದಲು ಖಾಲಿ, ಆಮೇಲೆ ಸೀಟಿಗೆ 75 ಕೆಜಿಯಂತೆ 900 ಕೆಜಿ ಮರಳಿನ ಚೀಲ ಬಿಗಿದು, ಕೊನೆಗೆ ಬ್ರೇಕಿಗೆ ನೀರು ಚಿಮುಕಿಸಿ ಓಡಿಸಿ ನೋಡಿ. ಅಯಸ್ಕಾಂತದ ಬ್ರೇಕ್ ಹಾಕಿಸಿದರೂ ನಿಲ್ಲಿಸಿ ಹಿಡಿಯಲು ಒತ್ತುವ ಬ್ರೇಕ್ ಬೇಕೇ ಬೇಕು, ವೇಗ ಇಳಿದಂತೆ ಅಯಸ್ಕಾಂತದ ತಡೆಯೂ ಇಳಿಯುತ್ತದೆ.

ಮಾರಲು ಬಂದವರು ಅಮೆರಿಕದ ಟೆಕ್ಸಾಸ್ ಜೈಂಟ್ ಉದಾಹರಣೆ ಕೊಟ್ಟಾರು: 1990ರ ಕಟ್ಟಿಗೆಯ ಕೋಸ್ಟರ್, 2011ರಲ್ಲಿ ಉಕ್ಕಿನ ಹಳಿಯೊಂದಿಗೆ ಮತ್ತೆ ಶುರುವಾಯಿತು. ಅದು ಕಟ್ಟಿಗೆಯದರ ಕಥೆ, ನಿಮಗೆ ಹೊಂದದು. ಇಂಗ್ಲೆಂಡಿನ ಆಲ್ಟನ್ ಟವರ್ಸ್ ಪಾರ್ಕಿನಲ್ಲಿರುವ 1994ರ ನೆಮೆಸಿಸ್ ಕೋಸ್ಟರ್ ಉಕ್ಕಿನದೇ. ಅದಕ್ಕೆ ಹಳಿಯನ್ನೇ ಹೊಸದಾಗಿ ಹಾಕಿ 2024ರಲ್ಲಿ ತೆರೆದರು. ಅಂಥದ್ದಕ್ಕೆ ರಿಪೇರಿಯ ದುಡ್ಡು ಸಾಲದು.

ನಿಮ್ಮ ತಕರಾರು ಜನ ಕಾಯುವ ಉದ್ದನೆಯ ಪಾಳಿಯೇ ಆಗಿದ್ದರೆ ರಿಪೇರಿಯಿಂದ ಅದು ಕರಗುವುದಿಲ್ಲ. ಮೂರು ನಿಮಿಷಕ್ಕೊಂದು ಸುತ್ತೆಂದರೆ ಗಂಟೆಗೆ 20 ಸುತ್ತು, 240 ಜನ, ಅಷ್ಟೇ. ಆಗ ಪಕ್ಕದಲ್ಲಿ ಇನ್ನೊಂದು ಹೊಸ ಆಟ ಬೇಕಾದೀತು. ಹೊಸದಾಗಲಿ ಹಳೆಯದಾಗಲಿ, ಪಾರ್ಕಿನ ಆಟಗಳ ಸುರಕ್ಷತೆಯ ಭಾರತೀಯ ಮಾನದಂಡ ಐಎಸ್ 15475 ಪ್ರಕಾರ ತಪಾಸಣೆಯ ಕಾಗದ ಕೇಳಿ ಪಡೆಯಿರಿ.

ಕೀಳುವುದೇ ಆದರೆ ಗುಜರಿಗೆ ಕೊಡುವ ಮುಂಚೆ ಆಕ್ಸಲ್ ಮತ್ತು ಲಾಕುಗಳನ್ನು ಗ್ಯಾಸ್ ಕಟರ್‌ನಿಂದ ಕತ್ತರಿಸಿ ಹಾಕಿಸಿ. ಇಲ್ಲದಿದ್ದರೆ ಅದೇ ಬೋಗಿ ಬಣ್ಣ ಬಳಿದುಕೊಂಡು ಮುಂದಿನ ವರ್ಷ ಯಾವುದೋ ಜಾತ್ರೆಯಲ್ಲಿ ತಿರುಗುತ್ತಿರುತ್ತದೆ.