ಇಂಪೋರ್ಟ್ ಮಾಡಿದರೆ ಪರ್ಮಿಶನ್ ಬರುವುದಿಲ್ಲ

ಮೈಕ್ರೋಸಾಫ್ಟ್‌ನ ಡೇಟಾಬೇಸ್ ಪ್ರೋಗ್ರಾಂ ಆಕ್ಸೆಸ್ 2003ರಲ್ಲಿ ಮಾಡಿದ ಹಳೆ ಡೇಟಾಬೇಸ್ ಫೈಲಿನಿಂದ, ಅಂದರೆ ಎಂಡಿಬಿಯಿಂದ, ಎಲ್ಲವನ್ನೂ ಹೊಸ ಫೈಲಿಗೆ ಇಂಪೋರ್ಟ್ ಮಾಡಿದೆ, ಯೂಸರ್‌ಗಳ ಪರ್ಮಿಶನ್ ಮಾತ್ರ ಬರಲಿಲ್ಲ ಅಂತ ಕೇಳಿದ್ದೀರಿ ಅಲ್ವಾ? ಅದು ಬರುವುದೇ ಇಲ್ಲ. ಇಂಪೋರ್ಟ್ ಮಾಡಿದವರೇ ಓನರ್ ಆಗಿಬಿಡುತ್ತಾರೆ.

ಹೆಸರು, ಗ್ರೂಪ್, ಪಾಸ್‌ವರ್ಡ್ ಇರುವುದು ಎಂಡಿಡಬ್ಲ್ಯು ಅನ್ನುವ ಬೇರೆಯೇ ಫೈಲಿನಲ್ಲಿ. ಯಾವ ಟೇಬಲ್ ಯಾರು ತೆರೆಯಬಹುದು ಅನ್ನುವುದು ಎಂಡಿಬಿಯ ಒಳಗೇ ಇರುತ್ತದೆ. ಇದು ಗೊತ್ತಿಲ್ಲದೆ ನಾನು ಕುಂಬಳೆಯಲ್ಲಿ ಅಡಿಕೆ ಲೆಕ್ಕದ ಫೈಲಿಗೆ ಹೊಸ ಎಂಡಿಡಬ್ಲ್ಯು ಮಾಡಿ, ಅದೇ ಹೆಸರುಗಳನ್ನು ಟೈಪ್ ಮಾಡಿ ಕೂತಿದ್ದೆ. ಒಬ್ಬರಿಗೂ ಫಾರ್ಮ್ ತೆರೆಯಲಿಲ್ಲ! ನೋಡಿದರೆ ಪಿಐಡಿಯಲ್ಲಿ, ಅಂದರೆ ಯೂಸರ್ ಅಥವಾ ಗ್ರೂಪ್ ಮಾಡುವಾಗ ಹೆಸರಿನ ಜೊತೆ ಟೈಪ್ ಮಾಡುವ ಗುರುತಿನ ಕೋಡಿನಲ್ಲಿ, ಒಂದು ದೊಡ್ಡಕ್ಷರ ಸಣ್ಣದಾಗಿತ್ತು. ಆಕ್ಸೆಸ್ ಆಳನ್ನು ಗುರುತಿಸುವುದು ಹೆಸರು, ಪಿಐಡಿ ಎರಡನ್ನೂ ಸೇರಿಸಿ. ಹಾಗಾಗಿ ಹಳೆ ಎಂಡಿಡಬ್ಲ್ಯು ಇದ್ದರೆ ಅದನ್ನೇ ಇಟ್ಟುಕೊಳ್ಳಿ.

ನಾನಾದರೆ ಸುಮ್ನೆ ಹಳೆ ಎಂಡಿಬಿಯನ್ನೇ ಕಾಪಿ ಮಾಡಿ, ಬೇಡದ ಡೇಟಾ ಅಳಿಸಿ, ಕಾಂಪ್ಯಾಕ್ಟ್ ಮಾಡುತ್ತೇನೆ (ಅಂದರೆ ಖಾಲಿ ಜಾಗ ತೆಗೆದು ಫೈಲನ್ನು ಚಿಕ್ಕದು ಮಾಡುತ್ತೇನೆ). ಪರ್ಮಿಶನ್ ಜೊತೆಗೇ ಬರುತ್ತದೆ.

ಹೊಸ ಫೈಲೇ ಬೇಕಾದರೆ ಡಿಎಒ (ಕೋಡಿನಿಂದ ಆಕ್ಸೆಸ್ ಡೇಟಾಬೇಸ್ ನಿಭಾಯಿಸುವ ಲೈಬ್ರರಿ) ಬಳಸಿ ಕೋಡ್ ಬರೆಯಬೇಕು. ಹಳೆಯದರ ಪ್ರತಿ ಕಂಟೈನರ್ (ಟೇಬಲ್, ಫಾರ್ಮ್ ಹೀಗೆ ಒಂದೊಂದು ಬಗೆಯ ಗುಂಪು), ಅದರೊಳಗಿನ ಪ್ರತಿ ಡಾಕ್ಯುಮೆಂಟ್ (ಒಂದೊಂದು ಟೇಬಲ್ ಅಥವಾ ಫಾರ್ಮ್) ತೆಗೆದುಕೊಂಡು, ಯೂಸರ್‌ನೇಮ್‌ಗೆ ಗ್ರೂಪಿನ ಹೆಸರು ಕೊಟ್ಟು, ಪರ್ಮಿಶನ್ಸ್‌ನಲ್ಲಿ ಬರುವ ಅಂಕೆಯನ್ನು ಹೊಸದರ ಅದೇ ಡಾಕ್ಯುಮೆಂಟಿಗೆ ಹಾಕಿ. ನೇರವಾಗಿ ಆಳುಗಳಿಗೇ ಪರ್ಮಿಶನ್ ಕೊಟ್ಟಿದ್ದರೆ ಅವರ ಹೆಸರಿಗೂ ಹೀಗೇ ಮಾಡಬೇಕು, ಕೆಲಸ ಜಾಸ್ತಿ. ಕ್ವೆರಿಗಳನ್ನು ಬೇರೆಲ್ಲೂ ಹುಡುಕಬೇಡಿ, ಅವು ಟೇಬಲ್ಸ್ ಕಂಟೈನರ್‌ನಲ್ಲೇ ಇರುತ್ತವೆ. ಕೊನೆಗೆ ಯೂಸರ್ಸ್ ಗ್ರೂಪಿಗೆ ತಾನಾಗಿ ಸಿಕ್ಕಿರುವ ಪರ್ಮಿಶನ್ ತೆಗೆಯಿರಿ, ಇಲ್ಲದಿದ್ದರೆ ಬಾಗಿಲು ತೆರೆದೇ ಇರುತ್ತದೆ.

ಹೊಸ ಫೈಲ್ ಎಸಿಸಿಡಿಬಿ (ಆಕ್ಸೆಸ್ 2007ರಲ್ಲಿ ಬಂದ ಹೊಸ ಬಗೆಯ ಫೈಲ್) ಅಲ್ಲ ತಾನೆ? ಅದರಲ್ಲಿ ಈ ವ್ಯವಸ್ಥೆಯೇ ಇಲ್ಲ. ಅದು ಬಂದಾಗಲೇ ಅದರಲ್ಲಿ ಕೈಬಿಟ್ಟಿದ್ದಾರೆ.