ಪ್ರತಿ: 5 ವರ್ಷದ ಮಗ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತಾನೆ, ಎರಡು ಸಾಲಿಗೇ ಕೈನೋವು ಅಂತಾನೆ
ಹಾಳೆ ಹರಿಯುವಷ್ಟು ಒತ್ತಿ ಬರೆಯುತ್ತಾನೆ ಅಂದರೆ, ಬಹುಮಟ್ಟಿಗೆ ಬೆರಳಿನ ಕೆಲಸವನ್ನು ತೋಳು ಮಾಡುತ್ತಿದೆ. ಭುಜ, ಮಣಿಕಟ್ಟು ಇನ್ನೂ ಗಟ್ಟಿಯಾಗಿಲ್ಲ. ಸೋಮಾರಿತನ ಖಂಡಿತ ಅಲ್ಲ. ಪುಟಗಟ್ಟಲೆ ಕಾಪಿ ಬರೆಸುವುದನ್ನು ಸದ್ಯಕ್ಕೆ ನಿಲ್ಲಿಸಿ, ಅದರಿಂದ ತಪ್ಪು ಹಿಡಿತವೇ ರೂಢಿಯಾಗುತ್ತೆ.

ಮೊದಲು ಕೂರುವ ರೀತಿ ನೋಡಿ. ಪಾದ ನೆಲಕ್ಕೆ ಊರಿರಬೇಕು, ಮೇಜು ಮೊಣಕೈ ಮಟ್ಟಕ್ಕಿರಬೇಕು. ಕಾಲು ಜೋತಾಡುತ್ತಿದ್ದರೆ ಕೆಳಗೊಂದು ಡಬ್ಬ ಇಡಿ.

ಆಮೇಲೆ ಗೋಡೆಗೆ ಅವನ ಕಣ್ಣಿನ ಎತ್ತರಕ್ಕೆ ಹಾಳೆ ಅಂಟಿಸಿ, ದಿನಾ 10 ನಿಮಿಷ ಚಿತ್ರ ಬಿಡಿಸಲಿ. ಅಲ್ಲಿ ಮಣಿಕಟ್ಟು ತಾನಾಗಿ ಹಿಂದಕ್ಕೆ ಬಾಗುತ್ತೆ, ಭುಜವೂ ದುಡಿಯುತ್ತೆ. ಕೈಗೆ ಕೊಡಬೇಕಾದ್ದು ಉದ್ದ ಪೆನ್ಸಿಲ್ ಅಲ್ಲ, 3 ಸೆಂ.ಮೀ. ಉದ್ದದ ಕ್ರೇಯಾನ್ ತುಂಡು. ಅಷ್ಟು ಚಿಕ್ಕದನ್ನು ಮುಷ್ಟಿಯಲ್ಲಿ ಹಿಡಿಯೋಕೆ ಜಾಗವೇ ಇರಲ್ಲ. ಆದರೂ ಎಲ್ಲ ಬೆರಳೂ ಸುತ್ತಿದರೆ, ಉಂಗುರ ಬೆರಳು, ಕಿರುಬೆರಳಿನಡಿ ಹತ್ತಿಯ ಉಂಡೆ ಇಟ್ಟು ಅದು ಬೀಳದ ಹಾಗೆ ಚಿತ್ರ ಬಿಡಿಸಲು ಹೇಳಿ. ಜೊತೆಗೆ ಬಟ್ಟೆ ಕ್ಲಿಪ್ ಒತ್ತುವುದು, ಹಿಟ್ಟು ನಾದುವುದು. ಪೆನ್ಸಿಲಿಗೆ ತೊಡಿಸುವ ರಬ್ಬರ್ ಗ್ರಿಪ್‌ಗೆ ಈಗಲೇ ದುಡ್ಡು ಹಾಕಬೇಡಿ. ಬಲ ಇಲ್ಲದ ಕೈಗೆ ಅದು ಬರೀ ಅಲಂಕಾರ.

ಕೈ ನೋಡದೆ, ಭುಜ, ಮಣಿಕಟ್ಟು ಗಟ್ಟಿಯಿಲ್ಲದಿರುವುದೊಂದೇ ಕಾರಣ ಅಂತ ಹೇಳಲಾಗದು. ಗುಂಡಿ ಹಾಕಲು, ಮೆಟ್ಟಿಲು ಹತ್ತಲೂ ತಡವರಿಸುತ್ತಿದ್ದರೆ, ಅಥವಾ 3 ತಿಂಗಳಾದರೂ ಏನೂ ಬದಲಾಗದಿದ್ದರೆ ಮಕ್ಕಳ ಆಕ್ಯುಪೇಶನಲ್ ಥೆರಪಿಸ್ಟ್‌ಗೆ (ಬರೆಯುವುದು, ಗುಂಡಿ ಹಾಕುವುದು ಮುಂತಾದ ದಿನನಿತ್ಯದ ಕೆಲಸಗಳನ್ನು ರೂಢಿ ಮಾಡಿಸುವ ತಜ್ಞರು) ತೋರಿಸಿ.