ಎಚ್‌ಐಎಲ್ ಬೆಂಚ್ ಇರುವಾಗ ಎಂಐಎಲ್ ಟೆಸ್ಟ್ ಯಾಕೆ ಬೇಕು?

ಎಚ್‌ಐಎಲ್ (ಹಾರ್ಡ್‌ವೇರ್-ಇನ್-ದ-ಲೂಪ್) ಬೆಂಚ್‌ನಲ್ಲಿ ನಿಜವಾದ ಇಸಿಯುವನ್ನು, ಅಂದರೆ ಗಾಡಿಯನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರನ್ನು, ಸಿಮುಲೇಟ್ ಮಾಡಿದ ಗಾಡಿಗೆ ಜೋಡಿಸಿ ಟೆಸ್ಟ್ ಮಾಡುತ್ತೇವೆ. ಮಾಡೆಲ್-ಇನ್-ದ-ಲೂಪ್, ಅಂದರೆ ಎಂಐಎಲ್‌ನಲ್ಲಿ ನಿಜವಾದ ಇಸಿಯು ಇರುವುದಿಲ್ಲ, ಸಿ ಕೋಡೂ ಇರುವುದಿಲ್ಲ. ಕಂಟ್ರೋಲರ್ ಒಂದು ಮಾಡೆಲ್, ಗಾಡಿ ಇನ್ನೊಂದು ಮಾಡೆಲ್. ಎರಡನ್ನೂ ಸಿಮುಲಿಂಕ್‌ನಂಥ ಟೂಲ್‌ನಲ್ಲಿ ಜೋಡಿಸಿ ಲ್ಯಾಪ್‌ಟಾಪ್‌ನಲ್ಲೇ ಓಡಿಸುತ್ತೇವೆ.

ಕ್ರೂಸ್ ಕಂಟ್ರೋಲ್ ತಗೊಳ್ಳಿ. 80 ಕಿ.ಮೀ. ವೇಗಕ್ಕೆ ಸೆಟ್ ಮಾಡಿದ್ದೀರಿ, ಏರು ರಸ್ತೆ ಬಂತು. ಗಾಡಿಯ ಮಾಡೆಲ್ ತೂಕ, ಗಾಳಿಯ ತಡೆ, ಏರು ಎಲ್ಲ ಲೆಕ್ಕ ಹಾಕಿ ವೇಗ ಇಳಿಸುತ್ತದೆ. ಅದನ್ನು ನೋಡಿ ಕಂಟ್ರೋಲರ್ ಜಾಸ್ತಿ ಟಾರ್ಕ್ (ಚಕ್ರ ತಿರುಗಿಸುವ ಬಲ) ಕೇಳುತ್ತದೆ. ಆ ಟಾರ್ಕ್ ಮತ್ತೆ ಗಾಡಿಯ ಮಾಡೆಲ್‌ಗೆ ಹೋಗುತ್ತದೆ. ಇದೇ ಲೂಪ್. ಬ್ರೇಕ್ ಒತ್ತಿದರೂ ಕ್ರೂಸ್ ಆಫ್ ಆಗಲಿಲ್ಲವಾ? ಕೋಡ್ ಹುಟ್ಟುವ ಮೊದಲೇ ಗೊತ್ತಾಗುತ್ತದೆ. ಮಾಡೆಲ್ ತಿದ್ದಿ ತಕ್ಷಣ ಮತ್ತೆ ಓಡಿಸಬಹುದು. ಎಚ್‌ಐಎಲ್ ಬೆಂಚ್‌ಗಾದರೆ ಇಸಿಯು ಬೇಕು, ಸರದಿಯೂ ಕಾಯಬೇಕು, ಅಲ್ವಾ?

ಹಾಗಂತ ಎಂಐಎಲ್ ಪಾಸಾದ ಕೂಡಲೇ ಸುಮ್ನೆ ಖುಷಿಪಡಬೇಡಿ. ಮಾಡೆಲ್ ಸಾಮಾನ್ಯವಾಗಿ 64 ಬಿಟ್ ಫ್ಲೋಟಿಂಗ್ ಪಾಯಿಂಟ್‌ನಲ್ಲಿ ಓಡುತ್ತದೆ. ಕೋಡ್ 16 ಬಿಟ್ ಫಿಕ್ಸೆಡ್ ಪಾಯಿಂಟ್ ಆಗಿದ್ದರೆ ಓವರ್‌ಫ್ಲೋ ಆಗಬಹುದು, ಅಂದರೆ ದೊಡ್ಡ ಸಂಖ್ಯೆ ಅಷ್ಟು ಬಿಟ್‌ಗಳಲ್ಲಿ ಹಿಡಿಸದೆ ಲೆಕ್ಕ ತಪ್ಪಬಹುದು. ಅದು ಕಾಣುವುದು ಎಸ್‌ಐಎಲ್‌ನಲ್ಲಿ (ಸಾಫ್ಟ್‌ವೇರ್-ಇನ್-ದ-ಲೂಪ್), ಅಂದರೆ ಕೋಡನ್ನೇ ಪಿಸಿಯಲ್ಲಿ ಓಡಿಸಿದಾಗ. ಅದಕ್ಕೇ ಒಂದೇ ಟೆಸ್ಟ್ ಕೇಸನ್ನು ಎರಡೂ ಕಡೆ ಓಡಿಸಿ ಹೋಲಿಸುತ್ತಾರೆ. ಗಾಡಿಗಳ ಎಲೆಕ್ಟ್ರಾನಿಕ್ಸ್ ಸುರಕ್ಷತೆಯ ಸ್ಟ್ಯಾಂಡರ್ಡ್ ಆದ ಐಎಸ್‌ಒ 26262 ಕೂಡ ಈ ಹೋಲಿಕೆಯನ್ನು ಶಿಫಾರಸು ಮಾಡುತ್ತದೆ. ಕ್ಯಾನ್ ಬಸ್ (ಗಾಡಿಯೊಳಗೆ ಇಸಿಯುಗಳನ್ನು ಬೆಸೆಯುವ ನೆಟ್‌ವರ್ಕ್) ಟೈಮಿಂಗ್, ವೈರಿಂಗ್ ತೊಂದರೆಗಳಿಗೆ ಎಚ್‌ಐಎಲ್ಲೇ ಬೇಕು.